ಬೆಲ್ ಹೊಡೆದರೆ ಮಷೀನ್ ಬಿಟ್ಟು ಏಳಬೇಕು: ಗಾರ್ಮೆಂಟ್ಸ್‌ನಲ್ಲಿ ಫೈರ್ ಡ್ರಿಲ್ ಮಾಡುವ ಬಗೆ

ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ನಾನು ನೋಡಿದ ಹೆಚ್ಚಿನ ಫೈರ್ ಡ್ರಿಲ್‌ಗಳು ಹೀಗೇ ನಡೆಯುತ್ತವೆ. ನಾಳೆ ಹನ್ನೊಂದಕ್ಕೆ ಡ್ರಿಲ್ ಇದೆ ಅಂತ ಹಿಂದಿನ ದಿನವೇ ಮೈಕಿನಲ್ಲಿ ಹೇಳುತ್ತಾರೆ. ಹತ್ತು ಮುಕ್ಕಾಲಿಗೆ ಹೆಲ್ಪರ್‌ಗಳು ದಾರಿಯಲ್ಲಿದ್ದ ಬಂಡಲ್‌ಗಳನ್ನೆಲ್ಲ ಎತ್ತಿ ಪಕ್ಕಕ್ಕಿಡುತ್ತಾರೆ, ಸೆಕ್ಯುರಿಟಿಯವರು ಹಿಂಬಾಗಿಲಿನ ಬೀಗ ತೆಗೆಯುತ್ತಾರೆ. ಬೆಲ್ ಹೊಡೆಯುತ್ತದೆ, ಎಲ್ಲರೂ ಸಾಲಾಗಿ ಇಳಿದು ಬರುತ್ತಾರೆ, ಫೋಟೊ ತೆಗೆದು ಫೈಲಿಗೆ ಸೇರಿಸುತ್ತಾರೆ. ಅರ್ಧ ಗಂಟೆಯಲ್ಲಿ ಬಂಡಲ್ ಮತ್ತೆ ದಾರಿಗೆ ಬರುತ್ತದೆ, ಬೀಗ ಮತ್ತೆ ಬಾಗಿಲಿಗೆ. ಇದರಿಂದ ಯಾರೂ ಏನೂ ಕಲಿಯುವುದಿಲ್ಲ. ಹಾಗಾಗಿ ಸರಿಯಾಗಿ ಮಾಡುವುದು ಹೇಗೆ ಅಂತ ಬರೆಯುತ್ತಿದ್ದೇನೆ, ಫ್ಯಾಕ್ಟರಿ ನಡೆಸುವವರಿಗೂ, ಸೇಫ್ಟಿ ಕಮಿಟಿಯಲ್ಲಿರುವ ಕಾರ್ಮಿಕರಿಗೂ.

ಮೊದಲು ದಾರಿ ಮತ್ತು ಬಾಗಿಲು. ಇದನ್ನು ಡ್ರಿಲ್ ದಿನ ನೋಡಬೇಡಿ. ಕೆಲಸ ಜೋರಾಗಿರುವ ಮಾಮೂಲಿ ದಿನ, ಫ್ಲೋರ್‌ನ ತೀರಾ ಒಳಮೂಲೆಯ ಮಷೀನ್‌ನಿಂದ ಹೊರಗಿನ ಬಯಲಿನ ತನಕ ನಡೆದು ನೋಡಿ. ಎಲ್ಲಿ ಮೈ ಓರೆ ಮಾಡಬೇಕಾಯಿತು, ಎಲ್ಲಿ ಟ್ರಾಲಿ ಸರಿಸಬೇಕಾಯಿತು ಅಂತ ಬರೆದುಕೊಳ್ಳಿ. ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗಿನಿಂದ ಕೀ ಇಲ್ಲದೆ, ಒಂದು ಸಲ ತಳ್ಳಿದರೆ ಸಾಕು ಅನ್ನುವಂತಿರಬೇಕು. ಕೆಲವರು ಬೀಗ ಹಾಕಿ, ಕೀಯನ್ನು ಗಾಜಿನ ಡಬ್ಬಿಯಲ್ಲಿಟ್ಟು ಪಕ್ಕದಲ್ಲೇ ನೇತುಹಾಕುತ್ತಾರೆ. ಬೇಡವೇ ಬೇಡ. ಹೊಗೆ ತುಂಬಿದಾಗ ಆ ಡಬ್ಬಿ ಕಾಣುವುದಿಲ್ಲ, ಕಂಡರೂ ನಡುಗುವ ಕೈಯಲ್ಲಿ ಕೀ ತಿರುಗುವುದಿಲ್ಲ.

ಬೀಗ ಯಾಕೆ ಅಂದರೆ ಕಳ್ಳತನ ಆಗುತ್ತದೆ ಅನ್ನುತ್ತಾರೆ. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಫ್ಯಾಕ್ಟರಿಯವರೂ ಇದನ್ನೇ ಹೇಳುತ್ತಿದ್ದರು. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿದ್ದಾಗ ಒಂದು ಮೆಟ್ಟಿಲ ಕಡೆಯ ಬಾಗಿಲಿಗೆ ಬೀಗ ಇತ್ತು. 146 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನೂರೊಂದು ವರ್ಷದ ನಂತರ, 2012ರ ಸೆಪ್ಟೆಂಬರ್‌ನಲ್ಲಿ, ಕರಾಚಿಯ ಅಲಿ ಎಂಟರ್‌ಪ್ರೈಸಸ್‌ನಲ್ಲೂ ಬಾಗಿಲಿಗೆ ಬೀಗ, ಕಿಟಕಿಗೆ ಸರಳು. 250ಕ್ಕೂ ಜಾಸ್ತಿ ಜನ ಹೋದರು. ಆ ಫ್ಯಾಕ್ಟರಿಗೆ ಕೆಲವೇ ವಾರಗಳ ಹಿಂದೆ ಎಲ್ಲ ಸರಿಯಿದೆ ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು. ಕಳ್ಳತನದ ಭಯ ಇದ್ದರೆ, ತೆರೆದ ಕೂಡಲೇ ಕೂಗುವ ಅಲಾರಂ ಆ ಬಾಗಿಲಿಗೆ ಹಾಕಿಸಿ. ಚೆಕಿಂಗ್ ಏನಿದ್ದರೂ ಕಾಂಪೌಂಡ್ ಗೇಟ್‌ನಲ್ಲಿ ಮಾಡಿ.

ದಾರಿ ತೋರಿಸುವ, ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್‌ಗಳ ಬಗ್ಗೆ ಒಂದು ಮಾತು. ಅಗ್ಗದವು ಎರಡು ನಿಮಿಷ ಮಿನುಗಿ ಸುಮ್ಮನಾಗುತ್ತವೆ. ರಾತ್ರಿ ಲೈಟ್ ಆರಿಸಿ, ಕಾಲು ಗಂಟೆ ಕತ್ತಲಲ್ಲಿ ನಿಂತು ನೋಡಿ. ಆಮೇಲೂ ಬಾಣದ ಗುರುತು ಕಾಣದಿದ್ದರೆ ವಾಪಸ್ ಕೊಡಿ. ನನ್ನನ್ನು ಕೇಳಿದರೆ ಸ್ಟಿಕ್ಕರ್ ಮೇಲೆ ದುಡ್ಡು ಹಾಕುವ ಬದಲು ಕರೆಂಟ್ ಹೋದರೂ ಉರಿಯುವ ಬ್ಯಾಟರಿ ಲೈಟ್‌ಗಳನ್ನೇ ಹಾಕಿಸಿ.

ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಎತ್ತರದಲ್ಲಿರಲಿ, ಅದರ ಮುಂದೆ ರಟ್ಟಿನ ಡಬ್ಬಿ ಪೇರಿಸಬೇಡಿ. ಕರೆಂಟ್ ಬೋರ್ಡಿನ ಬೆಂಕಿಗೆ ನೀರು ಹಾಕಬಾರದು ಅಂತ ಎಲ್ಲರಿಗೂ ಹೇಳಿಕೊಡಿ. ಬೋರ್ಡ್, ಮೋಟರ್, ಟ್ಯೂಬ್‌ಲೈಟ್ ಮೇಲೆ ಕೂರುವ ಬಟ್ಟೆಯ ಧೂಳನ್ನು ಗಾಳಿ ಪೈಪ್‌ನಿಂದ ಊದಿಸಬೇಡಿ, ವ್ಯಾಕ್ಯೂಮ್‌ನಿಂದ ಎಳೆಸಿ. ಊದಿದ ಧೂಳು ಇನ್ನೊಂದು ಕಡೆ ಹೋಗಿ ಕೂರುತ್ತದೆ, ಜನರ ಎದೆಗೂ ಹೋಗುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಬೆಲ್ ಹೊಡೆದ ಮೊದಲ ನಿಮಿಷ.

ಬೆಲ್ ಕೇಳಿದ ತಕ್ಷಣ ಟೈಲರ್ ಏಳುವುದಿಲ್ಲ. ಸೂಪರ್‌ವೈಸರ್ ಮುಖ ನೋಡುತ್ತಾಳೆ. ಸೂಪರ್‌ವೈಸರ್ ಫ್ಲೋರ್ ಇನ್‌ಚಾರ್ಜ್ ಮುಖ ನೋಡುತ್ತಾನೆ. ಇನ್‌ಚಾರ್ಜ್ ಆಫೀಸಿಗೆ ಫೋನ್ ಮಾಡಿ, ನಿಜವಾದ ಬೆಲ್ಲಾ ಅಂತ ವಿಚಾರಿಸುತ್ತಾನೆ. ಒಂದು ಕಡೆ ನಾನು ಗಡಿಯಾರ ನೋಡುತ್ತ ನಿಂತಿದ್ದೆ, ಮೊದಲ ಟೈಲರ್ ಎದ್ದಾಗ ನಾಲ್ಕು ನಿಮಿಷ ಆಗಿತ್ತು. ಯಾಕಮ್ಮಾ ಕೂತೇ ಇದ್ದೆ ಅಂತ ಆಮೇಲೆ ಕೇಳಿದೆ. "ಎದ್ರೆ ಈ ಗಂಟೆಯ ಪೀಸ್ ಯಾರು ಕೊಡ್ತಾರೆ ಮೇಡಂ, ಬೈಸ್ಕೊಳ್ಳೋಳು ನಾನೇ ಅಲ್ವಾ?" ಅಂದಳು. ಅವಳಿಗೆ ಬೆಂಕಿಗಿಂತ ಟಾರ್ಗೆಟ್ ಹತ್ತಿರದ ಭಯ. ಇದನ್ನು ಸರಿಮಾಡದೆ ಎಷ್ಟು ಡ್ರಿಲ್ ಮಾಡಿದರೂ ಅಷ್ಟೇ.

2012ರ ನವೆಂಬರ್ 24ರಂದು ಢಾಕಾ ಹತ್ತಿರದ ತಾಜ್ರೀನ್ ಫ್ಯಾಷನ್ಸ್‌ನಲ್ಲಿ ಅಲಾರಂ ಹೊಡೆದಿತ್ತು. ಏನೂ ಆಗಿಲ್ಲ, ಕೆಲಸ ಮಾಡಿ ಅಂತ ಮೇಲಿನವರು ಕೂರಿಸಿದರು ಅಂತ ಬದುಕಿ ಬಂದವರು ಹೇಳಿದ್ದಾರೆ. 110ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಏಪ್ರಿಲ್‌ನಲ್ಲಿ ಢಾಕಾ ಹತ್ತಿರವೇ ರಾಣಾ ಪ್ಲಾಜಾ ಕಟ್ಟಡ ಕುಸಿದು ಬಿತ್ತು. ಅದರ ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು. ಕೆಳಗಿನ ಬ್ಯಾಂಕ್ ಬಾಗಿಲು ಮುಚ್ಚಿತು, ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಕೆಲಸಕ್ಕೆ ಕರೆದರು. ಅಲ್ಲಿ ಸತ್ತವರು 1,100ಕ್ಕೂ ಹೆಚ್ಚು.

ಹಾಗಾಗಿ ಡ್ರಿಲ್‌ಗೆ ಮುಂಚೆಯೇ ಇಷ್ಟನ್ನು ಬರೆದು, ಕಾರ್ಮಿಕರು ಓದುವ ಭಾಷೆಯಲ್ಲಿ, ಫ್ಲೋರ್‌ನಲ್ಲೇ ಅಂಟಿಸಿ. ಡ್ರಿಲ್‌ನ ಹೊತ್ತು ಸಂಬಳದ ಹೊತ್ತು. ಪೀಸ್ ರೇಟ್‌ನವರಿಗೂ, ಅಂದರೆ ಹೊಲಿದ ಪೀಸ್ ಲೆಕ್ಕದಲ್ಲಿ ದುಡ್ಡು ಪಡೆಯುವವರಿಗೂ, ಆ ಹೊತ್ತಿನ ಕೂಲಿ ಸಿಗುತ್ತದೆ. ಆ ಗಂಟೆಯ ಟಾರ್ಗೆಟ್ ಅನ್ನು ಬೋರ್ಡ್ ಮೇಲೆಯೇ ಅಳಿಸಿ ಕಮ್ಮಿ ಮಾಡಿ ಬರೆಯಬೇಕು, ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಊಟದ ಬಿಡುವಿನಲ್ಲಿ ಅಥವಾ ಸಂಜೆ ಕೂರಿಸಿಕೊಂಡು ಆ ಪೀಸ್‌ಗಳನ್ನು ಹೊಲಿಸಬಾರದು. ಬೆಲ್ ಸುಳ್ಳೇ ಆಗಿದ್ದರೂ ಎದ್ದು ಹೋದವರನ್ನು ಬೈಯುವಂತಿಲ್ಲ.

ಸೂಪರ್‌ವೈಸರ್‌ಗಳನ್ನು ಬೇರೆಯಾಗಿ ಕೂರಿಸಿ ತರಬೇತಿ ಕೊಡಿ. ಅವರು ಯಾರಿಗೂ ಫೋನ್ ಮಾಡುವಂತಿಲ್ಲ, ಯಾರ ಅಪ್ಪಣೆಗೂ ಕಾಯುವಂತಿಲ್ಲ. ಬೆಲ್ ಬಂತು, ತನ್ನ ಲೈನ್ ಮುಂದೆ ನಿಂತು ಕೈಯೆತ್ತಿ, "ಏಳಿ, ಎಲ್ಲಾ ಬಿಡಿ, ನಡೀರಿ" ಅಂತ ಕೂಗಬೇಕು. ಇಷ್ಟೇ ಮಾತು. ಇದನ್ನು ನಿಜವಾಗಿ ಕೂಗಿಸಿ ಅಭ್ಯಾಸ ಮಾಡಿಸಿ, ಮೊದಲ ಸಲ ಗಂಟಲಿಂದ ದನಿ ಬರುವುದಿಲ್ಲ. ಇಸ್ತ್ರಿ ಮಾಡುವವರು ಸ್ವಿಚ್ ಕೈಗೆ ಸಿಕ್ಕರೆ ಆರಿಸಲಿ, ಅದಕ್ಕಾಗಿ ವಾಪಸ್ ಹೋಗುವುದು ಬೇಡ. ಬ್ಯಾಗ್, ಊಟದ ಡಬ್ಬಿ, ಫೋನ್ ಎಲ್ಲ ಅಲ್ಲೇ ಇರಲಿ. ಪೆಡಲ್ ತುಳಿಯಲು ಆರಾಮ ಅಂತ ತುಂಬ ಜನ ಚಪ್ಪಲಿ ಬಿಟ್ಟು ಕೂರುತ್ತಾರೆ. ಬೆಲ್ ಆದಾಗ ಅರ್ಧ ಲೈನ್ ಬಗ್ಗಿ ಚಪ್ಪಲಿ ಹುಡುಕುತ್ತಿರುತ್ತದೆ. ಚಪ್ಪಲಿ ಕಾಲಲ್ಲೇ ಇರಲಿ ಅಂತ ದಿನಾ ಹೇಳಿ.

ಬೆಲ್ ಕೇಳುತ್ತದಾ ಅಂತಲೂ ನೋಡಿ, ಮಷೀನ್‌ಗಳೆಲ್ಲ ಓಡುತ್ತಿರುವಾಗ. ಶೌಚಾಲಯ, ಬಾಯ್ಲರ್ ರೂಮ್, ಸ್ಟೋರ್, ಮಕ್ಕಳನ್ನು ಬಿಡುವ ಕೋಣೆ, ಎಲ್ಲ ಕಡೆ. ಕಿವಿ ಕೇಳದವರಿಗೆ ಮಿನುಗುವ ಕೆಂಪು ದೀಪ ಬೇಕೇ ಬೇಕು.

ಇಳಿಯುವಾಗ ಲಿಫ್ಟ್ ಬೇಡ. ಗರ್ಭಿಣಿಯರಿಗೂ ಕಾಲು ನೋವಿರುವವರಿಗೂ ಜೊತೆಗೆ ಯಾರು ಅಂತ ಮೊದಲೇ ಹೆಸರು ಹಿಡಿದು ಗೊತ್ತುಮಾಡಿ.

ಹೊರಗೆ ಬಂದ ಮೇಲೆ ತಲೆ ಎಣಿಕೆ. ಇಡೀ ಫ್ಯಾಕ್ಟರಿಯನ್ನು ಒಬ್ಬರೇ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಲೈನ್‌ವಾರು ಎಣಿಸಿ, ಆ ದಿನದ ಹಾಜರಿ ಹಿಡಿದು. ಕಾಂಟ್ರಾಕ್ಟ್ ಹೆಲ್ಪರ್‌ಗಳು, ಲೋಡಿಂಗ್‌ನವರು ಹಾಜರಿ ಪುಸ್ತಕದಲ್ಲಿ ಇರುವುದೇ ಇಲ್ಲ, ಅವರಿಗೆ ಗೇಟ್‌ನಲ್ಲೇ ಬೇರೆ ಪಟ್ಟಿ ಮಾಡಿ. ನಾನು ಒಂದು ಸಲ ಹೇಳದೆ ಒಬ್ಬ ಹುಡುಗಿಯನ್ನು ಸ್ಟೋರ್‌ನಲ್ಲೇ ಉಳಿಸಿದ್ದೆ. ಎಣಿಕೆ ಮುಗಿಸಿ "ಎಲ್ಲರೂ ಬಂದಿದ್ದಾರೆ" ಅಂತ ಸಹಿ ಹಾಕಿದರು. ನೀವೂ ಹೀಗೆ ಒಬ್ಬರನ್ನು ಉಳಿಸಿ ನೋಡಿ.

ಎರಡನೇ ಡ್ರಿಲ್‌ಗೆ ಒಂದು ಮೆಟ್ಟಿಲ ಮುಂದೆ ಕೆಂಪು ಬಟ್ಟೆ ಕಟ್ಟಿ, ಈ ಕಡೆ ಬೆಂಕಿ ಅಂತ ಬರೆದಿಡಿ. ಜನ ಅಭ್ಯಾಸದಿಂದ ಅಲ್ಲಿಗೇ ಬಂದು, ನಿಂತು, ತಿರುಗುತ್ತಾರೆ. ಆಗಾಗುವ ನೂಕುನುಗ್ಗಲು ಎಲ್ಲಿ ಅಂತ ಗುರುತು ಮಾಡಿಕೊಳ್ಳಿ. ಮುಗಿದ ದಿನವೇ ಕಾರ್ಮಿಕರ ಕಮಿಟಿಯನ್ನು ಕೂರಿಸಿ, ಏನೇನು ಕೆಟ್ಟಿತು, ಯಾರು ಯಾವ ತಾರೀಕಿನೊಳಗೆ ಸರಿಮಾಡಬೇಕು ಅಂತ ಬರೆದು, ಒಂದು ಪ್ರತಿ ಕಮಿಟಿಯವರ ಕೈಯಲ್ಲೇ ಕೊಡಿ. ಮುಂದಿನ ಡ್ರಿಲ್ ಯಾವತ್ತು ಅಂತ ಮಾತ್ರ ಹೇಳಬೇಡಿ.