ಮರಿಗಳಿಗೆಲ್ಲ ಮನೆ ಸಿಕ್ಕಿತು, ಕೆಂಪಿಗೆ?

ಕೆಂಪಿ ನಮ್ಮನೆಗೆ ಬಂದಿದ್ದು ಆರಿದ್ರಾ ಮಳೆ ಹೊಯ್ಯುತ್ತಿದ್ದಾಗ. ಸಾಗರದಿಂದ ಒಳಗಿರುವ ನಮ್ಮೂರಿನ ಬಸ್ ಸ್ಟಾಪಿನಲ್ಲಿ ಎರಡು ದಿನದಿಂದ ಒದ್ದೆಯಾಗಿ ಕೂತಿದ್ದ ಬಸುರಿ ನಾಯಿ. ಮರಿ ಹಾಕುವವರೆಗೆ ಇರಲಿ ಅಂತ ಕರೆದುಕೊಂಡು ಬಂದೆ. "ಆಮೇಲೆ ಯಾರು ಒಯ್ತಾರೆ ಮಾರಾಯ್ತಿ?" ಅಂದರು ಅತ್ತೆ. ಉತ್ತರ ಸಿಗಲು ಐದು ತಿಂಗಳು ಬೇಕಾಯಿತು.

ಜಗುಲಿಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಅಡ್ಡ ಹಲಗೆ ಇಟ್ಟು ಚಂದದ ಜಾಗ ಮಾಡಿಕೊಟ್ಟೆ. ಅವಳು ಐದು ಮರಿ ಹಾಕಿದ್ದು ಬಚ್ಚಲು ಒಲೆಯ ಪಕ್ಕ, ಸೌದೆ ಸಂದಿಯಲ್ಲಿ. ನಾನು ಮರಿಗಳನ್ನು ಜಗುಲಿಗೆ ತಂದಿಟ್ಟರೆ ಅರ್ಧ ಗಂಟೆಯಲ್ಲಿ ಒಂದೊಂದೇ ಕಚ್ಚಿಕೊಂಡು ವಾಪಸ್. ಎರಡು ಸಲ ಹೀಗಾದ ಮೇಲೆ ಗೋಣಿಯನ್ನೇ ಬಚ್ಚಲಿಗೆ ಒಯ್ದೆ. ಮೊದಲ ವಾರಗಳಲ್ಲಿ ಮರಿಗಳಿಗೆ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ. ಮಳೆಗಾಲದಲ್ಲಿ ಬಚ್ಚಲು ಒಲೆಗಿಂತ ಬೆಚ್ಚಗಿನ ಜಾಗ ಎಲ್ಲಿದೆ, ಅಲ್ವಾ?

ಹದಿನೆಂಟನೇ ದಿನ ಹೆದರಿಸಿಬಿಟ್ಟಳು. ಸಂಜೆ ನೋಡಿದರೆ ಒಂದೇ ಸಮ ಏದುಸಿರು. ಹಿಂಗಾಲು ಸೆಟೆದಿತ್ತು, ಮುಖ ಅದುರುತ್ತಿತ್ತು. ಚಳಿ ಇರಬೇಕು ಅಂತ ಕಂಬಳಿ ಹೊದೆಸಿದೆ. ಅದು ತಪ್ಪು, ಮೈ ಆಗಲೇ ಸುಡುತ್ತಿತ್ತು. "ಮರಿ ಬೇರೆ ಮಾಡಿ, ಈಗಲೇ ಕರ್ಕೊಂಡು ಬನ್ನಿ" ಅಂದರು ಡಾಕ್ಟರು. ಹಾಲಿಗೆ ಹೋಗಿ ಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ಎದೆಬಡಿತ ಕೇಳಿಕೊಳ್ಳುತ್ತಾ ನಿಧಾನಕ್ಕೆ ನರಕ್ಕೆ ಕೊಟ್ಟರು. ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಹಾಕುತ್ತಿದ್ದದ್ದು ಅನ್ನ, ಮಜ್ಜಿಗೆ. ಹಾಲೂಡುವ ನಾಯಿಗೆ ಮಾಮೂಲಿಯ ಎರಡು ಮೂರು ಪಟ್ಟು ಊಟ ಬೇಕು. ಆಮೇಲೆ ಮೊಟ್ಟೆ, ಕೋಳಿ, ಮರಿಗಳಿಗೆ ಅಂತ ಸಿಗುವ ಪ್ಯಾಕೆಟ್ ಆಹಾರ, ದಿನಕ್ಕೆ ನಾಲ್ಕು ಸಲ. ಮರಿಗಳಿಗೂ ಬೇಗ ತಟ್ಟೆ ಊಟ ಕಲಿಸಿದೆ.

ಮರಿಗಳದ್ದು ದೊಡ್ಡ ಕಥೆಯಲ್ಲ. ಎರಡು ವಾರಕ್ಕೆ ಜಂತುಹುಳದ ಔಷಧಿ, ಆರು ವಾರ ದಾಟಿದ ಮೇಲೆ ಮೊದಲ ಲಸಿಕೆ, ಎಂಟು ವಾರ ತುಂಬಿದ ಮೇಲೆ ಒಂದೊಂದಾಗಿ ಹೋದವು. "ಗಂಡಾದರೆ ಕೊಡಿ" ಅಂದವರೇ ಜಾಸ್ತಿ. ಹೆಣ್ಣು ಮರಿಗಳನ್ನು ಆಪರೇಷನ್ ಮಾಡಿಸುತ್ತೇವೆ ಅಂತ ಒಪ್ಪಿದವರಿಗೇ ಕೊಟ್ಟೆ. ಕೆಂಪಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಕೆಂಪಿಗೆ ಒಂದು ಮನೆಯಲ್ಲಿ ಇದ್ದು ಗೊತ್ತೇ ಇರಲಿಲ್ಲ. ಬೆಲ್ಟ್ ಹಾಕಿದರೆ ನೆಲಕ್ಕೆ ಅಂಟಿಕೊಂಡು ಮಲಗುತ್ತಿದ್ದಳು. ಮೂರು ದಿನ ಸುಮ್ನೆ ಬೆಲ್ಟ್ ಮಾತ್ರ, ಆಮೇಲೆ ಎಳೆದುಕೊಂಡು ಓಡಾಡಲು ಮೊಳದುದ್ದ ಹಗ್ಗ, ಅದು ಮರೆತುಹೋದ ಮೇಲೆ ತುದಿ ನನ್ನ ಕೈಗೆ. ತಟ್ಟೆ ಹತ್ತಿರ ಹೋದರೆ ಗುರ್ರ್ ಅನ್ನುತ್ತಿದ್ದಳು. ನಾನು ತಟ್ಟೆಗೆ ಕೈ ಹಾಕಲೇ ಇಲ್ಲ. ಅವಳು ತಿನ್ನುವಾಗ ದೂರದಿಂದ ಹಾದುಹೋಗುತ್ತಾ ಒಂದು ಕೋಳಿ ತುಂಡು ಎಸೆದು ಮುಂದೆ ಹೋಗುತ್ತಿದ್ದೆ. ದಿನಾ ಒಂದು ಹೆಜ್ಜೆ ಹತ್ತಿರ. ಮೂರನೇ ವಾರ ನನ್ನ ಕಾಲಸಪ್ಪಳಕ್ಕೆ ತಟ್ಟೆಯಿಂದ ತಲೆ ಎತ್ತಿ ಬಾಲ ಆಡಿಸಿದಳು. ಕೋಳಿ ಅಟ್ಟುವ ಚಟ ಮಾತ್ರ ಬಿಡಿಸಲಾಗಲಿಲ್ಲ. ಪಕ್ಕದ ಮನೆ ಅಕ್ಕನ ಹೇಂಟೆಗೆ ದುಡ್ಡು ಕೊಟ್ಟಿದ್ದೇನೆ.

ಹಾಲು ಪೂರ್ತಿ ಬತ್ತಿ ಕೆಚ್ಚಲು ಇಳಿದ ಮೇಲೆ ಗರ್ಭಕೋಶದ ಆಪರೇಷನ್ ಮಾಡಿಸಿದೆ. ರೇಬೀಸ್ ಲಸಿಕೆಯೂ ಆಯಿತು. ಹೊಲಿಗೆ ನೆಕ್ಕದಂತೆ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಕೊಳವೆ ಹಾಕಿಕೊಂಡು ಬಾಗಿಲಿಗೆಲ್ಲ ಗುದ್ದುತ್ತಿದ್ದಳು. ತೆಗೆದು ಮಗನ ಹಳೇ ಟೀ ಶರ್ಟ್ ತೊಡಿಸಿದೆ. ಮಳೆ ಬಿಟ್ಟಿರಲಿಲ್ಲ, ಹೊಲಿಗೆ ಒದ್ದೆಯಾಗಬಾರದು. ಹತ್ತು ದಿನ ಇಬ್ಬರೂ ಕೊಡೆ ಹಿಡಿದು ಅಂಗಳಕ್ಕೆ! ಬರುವಾಗ ಕಾಲ್ಬೆರಳ ಸಂದಿಯ ಇಂಬಳ, ಕಿವಿಯೊಳಗಿನ ಉಣುಗು ನೋಡುವುದು ಬೇರೆ. ಉಣುಗು ಜ್ವರ ಬಂದರೆ ನಾಯಿ ಬಸವಳಿದುಹೋಗುತ್ತದೆ.

ಕೆಂಪಿಯನ್ನು ಮೊದಲು ಒಯ್ದವರು ಎರಡೇ ದಿನಕ್ಕೆ ವಾಪಸ್ ತಂದರು. "ಬೊಗಳೋದೇ ಇಲ್ಲ." ತಪ್ಪು ನನ್ನದೂ ಇತ್ತು. ಅವರಿಗೆ ಏನು ಬೇಕು ಅಂತ ಕೇಳಿರಲಿಲ್ಲ. ಅಲ್ಲಿಂದ ಬಂದವರಿಗೆಲ್ಲ ಮೂರು ಪ್ರಶ್ನೆ: ರಾತ್ರಿ ಎಲ್ಲಿ ಮಲಗಿಸುತ್ತೀರಿ? ಹಗಲು ಕಟ್ಟಿ ಹಾಕುತ್ತೀರಾ? ಮದುವೆ ಮುಂಜಿಗೆ ಹೋದರೆ ಊಟ ಹಾಕುವವರು ಯಾರು? ಮೊದಲ ಪ್ರಶ್ನೆಗೆ "ಅಂಗಳದಲ್ಲಿ" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಚಿರತೆ ನಾಯಿ ಹೊತ್ತೊಯ್ಯುವ ಸೀಮೆ ನಮ್ಮದು.

ನವೆಂಬರ್ ಕೊನೆಗೆ ತೀರ್ಥಹಳ್ಳಿ ಕಡೆಯ ತೋಟದ ಮನೆಯ ಗಂಡ ಹೆಂಡತಿ ಬಂದರು. "ಮಂಗ ಓಡಿಸ್ತದಾ ತಂಗಿ?" ಅಂದರು ಯಜಮಾನರು. "ಗೊತ್ತಿಲ್ಲಣ್ಣ. ಕೋಳಿ ಅಂತೂ ಓಡಿಸ್ತಾಳೆ" ಅಂದೆ. ಅಮ್ಮನವರು ನಕ್ಕು ಕೆಳಗೆ ಕೂತರು. ಕೆಂಪಿ ಅವರ ಸೀರೆ ಸೆರಗು ಮೂಸಿ ಪಕ್ಕದಲ್ಲೇ ಮಲಗಿದಳು. ಮನೆ ನೋಡಿಕೊಂಡು ಬಂದು ಮರುವಾರ ನಾನೇ ಬಿಟ್ಟೆ. ಲಸಿಕೆ ಪುಸ್ತಕ, ಬೆಲ್ಟ್, ತೊಳೆಯದ ಅದೇ ಗೋಣಿಚೀಲ. ಮೂರು ದಿನ ಅವಳನ್ನು ಬಿಚ್ಚಿ ಬಿಡಬೇಡಿ, ಅವಳಾಗಿ ಬರುವವರೆಗೆ ಮುಟ್ಟಲು ಹೋಗಬೇಡಿ ಅಂದೆ.

ಮೊನ್ನೆ ಫೋನ್ ಮಾಡಿದಾಗ ಮಂಗನ ವಿಚಾರ ಕೇಳಿದೆ. "ಮಂಗ ಬಂದ್ರೆ ಮೊದಲು ಒಳಗೆ ಓಡಿ ಬರೋದು ಇದೇ" ಅಂದರು.