ಮೂಡ್ ಕೆಟ್ಟಾಗ ಮೊದಲು ಗಡಿಯಾರ ನೋಡಿ, ಆಮೇಲೆ ಕ್ಯಾಲೆಂಡರ್

ಈಗ ಎಲ್ಲರ ಬಾಯಲ್ಲೂ ಡೋಪಮಿನ್. ರೀಲ್ಸ್ ನೋಡಿದರೆ ಡೋಪಮಿನ್, ಬಾಳೆಹಣ್ಣು ತಿಂದರೆ ಸೆರೊಟೋನಿನ್, ಮಗುವನ್ನು ಅಪ್ಪಿಕೊಂಡರೆ ಆಕ್ಸಿಟೋಸಿನ್, ಓಡಿದರೆ ಎಂಡಾರ್ಫಿನ್. ಒಂದೊಂದು ಭಾವನೆಗೆ ಒಂದೊಂದು ಕೆಮಿಕಲ್, ಅದು ಇಳಿದರೆ ಬೇಜಾರು, ಏರಿದರೆ ಖುಷಿ. ಕೇಳೋಕೆ ಸುಲಭ, ಫಾರ್ವರ್ಡ್ ಮಾಡೋಕೂ ಸುಲಭ. ಆದರೆ ನಿಜವಾಗಿ ಬೇಜಾರಾಗಿ ಕೂತಾಗ ಈ ಪಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರೋದು ನಿಜ, ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ಇರುವುದೇ ಕರುಳಿನಲ್ಲಿ. ಮೆದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ರಕ್ತ ಕೊಟ್ಟು 'ನನ್ನ ಮೆದುಳಿನ ಸೆರೊಟೋನಿನ್ ಎಷ್ಟಿದೆ ನೋಡಿ' ಎಂದರೆ ಯಾವ ಲ್ಯಾಬಿನವರೂ ಹೇಳಲಾರರು.

ಅದಕ್ಕೇ ಯಾವ ಕೆಮಿಕಲ್ ಕಡಿಮೆಯಾಗಿದೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳಿಕೊಳ್ಳಿ. ಕೆಲವು ಕೆಮಿಕಲ್‌ಗಳ ಆಟ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವದು ಗಂಟೆಗಟ್ಟಲೆ ನಡೆಯುತ್ತದೆ, ಇನ್ನು ಕೆಲವು ಬದಲಾವಣೆಗಳಿಗೆ ವಾರಗಳೇ ಬೇಕು. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ.

ಅದಕ್ಕೂ ಮೊದಲು ಒಂದು ಕಪ್ಪೆಯ ಕತೆ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿಟ್ಟರು. ಹೊರಗೆ ತೆಗೆದರೂ ಅವು ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತವೆ. ಒಂದು ಹೃದಯಕ್ಕೆ ಅಂಟಿದ್ದ ವೇಗಸ್ ನರಕ್ಕೆ ಕರೆಂಟ್ ಕೊಟ್ಟಾಗ ಬಡಿತ ನಿಧಾನವಾಯಿತು. ಅದರ ಸುತ್ತಲಿದ್ದ ನೀರನ್ನು ಇನ್ನೊಂದು ಹೃದಯಕ್ಕೆ ಹಾಕಿದರು, ಆ ಎರಡನೇ ಹೃದಯದ ನರವನ್ನು ಮುಟ್ಟಲೇ ಇಲ್ಲ, ಆದರೂ ಅದೂ ನಿಧಾನವಾಯಿತು. ಅಂದರೆ ನರ ಏನೋ ಒಂದು ವಸ್ತುವನ್ನು ನೀರಿಗೆ ಬಿಟ್ಟಿತ್ತು. ಆ ವಸ್ತು ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಇದೇ ವಿಷಯದ ಮೇಲೆ ಕೆಲಸ ಮಾಡಿದ್ದ ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು. ನನಗೆ ಇದರಲ್ಲಿ ಇಷ್ಟವಾಗುವುದು ಬೇರೆಯೇ ವಿಷಯ. ಹೃದಯವನ್ನು ನಿಧಾನ ಮಾಡುವ ಇದೇ ಅಸಿಟೈಲ್‌ಕೋಲಿನ್ ನಿಮ್ಮ ತೋಳಿನ ಸ್ನಾಯುವಿಗೆ ತಲುಪಿದರೆ ಸ್ನಾಯು ಬಿಗಿಯುತ್ತದೆ. ಕೆಮಿಕಲ್ ಅದೇ, ಅದು ಎಲ್ಲಿ ಬಿತ್ತು, ಯಾವ ರಿಸೆಪ್ಟರ್‌ಗೆ (ಜೀವಕೋಶದ ಮೇಲೆ ಕೆಮಿಕಲ್ ಬಂದು ಕೂರುವ ಜಾಗ) ಬಿತ್ತು ಎನ್ನುವುದರ ಮೇಲೆ ಪರಿಣಾಮ ಬೇರೆ. 'ಖುಷಿಯ ಹಾರ್ಮೋನು' ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ, ಅಲ್ವಾ?

ನಿಮಿಷಗಳ ಲೆಕ್ಕ

ಮ್ಯಾನೇಜರ್ ಗ್ರೂಪಿನಲ್ಲೇ ಎಲ್ಲರ ಎದುರು ಬೈದು ಮೆಸೇಜ್ ಹಾಕಿದ್ದಾರೆ. ಅಥವಾ ಸಿಗ್ನಲ್‌ನಲ್ಲಿ ಯಾರೋ ಗಾಡಿಗೆ ತಾಗಿಸಿ ತಿರುಗಿಯೂ ನೋಡದೆ ಹೋದ. ಎದೆ ಡವಡವ, ಕಿವಿ ಬಿಸಿ, ಕೈ ನಡುಕ. ಇದು ಅಡ್ರಿನಲಿನ್ ಮತ್ತು ಅದರ ಬಳಗ. ರಕ್ತಕ್ಕೆ ಬಂದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಅದರ ಹಿಂದೆ ಬರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮಾತ್ರ ನಿಧಾನಿ, ಘಟನೆ ನಡೆದು ಸುಮಾರು 20ರಿಂದ 30 ನಿಮಿಷಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯಲು ಶುರುವಾಗುತ್ತದೆ.

ಇಲ್ಲಿ ಮಾಡಬೇಕಾದ್ದು: ಅರ್ಧ ಗಂಟೆ ಏನನ್ನೂ ಟೈಪ್ ಮಾಡಬೇಡಿ. ಫೋನ್ ಕೆಳಗಿಟ್ಟು ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಪಾತ್ರೆ ತೊಳೆದರೂ ಸರಿ. ಉಸಿರು ಒಳಗೆಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ಒಂದೆರಡು ನಿಮಿಷ ಸಾಕು. ಇದರಲ್ಲಿ ಪವಾಡವೇನಿಲ್ಲ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯ ನಿಧಾನವಾಗುತ್ತದೆ. ಲೋವಿ ಕಪ್ಪೆಯಲ್ಲಿ ಮುಟ್ಟಿದ್ದೂ ಇದೇ ನರವನ್ನೇ.

ಆದರೆ ಒಂದು ಷರತ್ತು. ಅದೇ ಮೆಸೇಜನ್ನು ಮತ್ತೆ ಮತ್ತೆ ತೆರೆದು ಓದಿದರೆ, 'ನಾನು ಹೀಗೆ ಹೇಳಬೇಕಿತ್ತು' ಎಂದು ಒಳಗೊಳಗೇ ವಾದ ಮಾಡಿದರೆ, ಪ್ರತಿ ಸಲವೂ ಹೊಸ ಅಡ್ರಿನಲಿನ್. ಸಂಜೆವರೆಗೂ ಉರಿಯುವ ಕೋಪ ಬೆಳಗಿನ ಕೆಮಿಕಲ್‌ನದ್ದಲ್ಲ, ಅದು ನಾವು ಕೂತಲ್ಲೇ ತಯಾರಿಸುತ್ತಿರುವ ತಾಜಾ ಸರಕು.

ಗಂಟೆಗಳ ಲೆಕ್ಕ

ಬೆಳಗಿನಿಂದ ಕಾರಣವೇ ಇಲ್ಲದೆ ಕಿರಿಕಿರಿ, ಸಣ್ಣದಕ್ಕೂ ಅಳು, ಯಾರ ಮಾತೂ ಬೇಡ. ಇಂಥ ದಿನ ಜೀವನದ ಬಗ್ಗೆ ದೊಡ್ಡ ತೀರ್ಮಾನ ತೆಗೆದುಕೊಳ್ಳುವ ಮೊದಲು ಹಿಂದಿನ ರಾತ್ರಿ ಮತ್ತು ಹಿಂದಿನ ಸಂಜೆ ನೋಡಿ.

ಮೊದಲನೇ ಅನುಮಾನ ಕಾಫಿಯ ಮೇಲೆ. ಹೌದು, ಫಿಲ್ಟರ್ ಕಾಫಿಯ ಮೇಲೆಯೇ, ಬೈಕೋಬೇಡಿ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಅದು ಹೆಚ್ಚಾದಷ್ಟೂ ನಿದ್ದೆ ಎಳೆಯುತ್ತದೆ. ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ. ಆಯಾಸ ಹೋಗುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಹೆಚ್ಚಿನವರಿಗೆ ಸುಮಾರು 5 ಗಂಟೆ ಬೇಕು. ಅಂದರೆ ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಒಳಗೇ ಇದೆ. ಗರ್ಭಿಣಿಯರಿಗೆ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು. ಸಾಲದ್ದಕ್ಕೆ, ಹೆಚ್ಚು ಕೆಫೀನ್ ತಾನೇ ಎದೆಬಡಿತ ಏರಿಸಿ ಕೈ ನಡುಗಿಸುತ್ತದೆ, ನಾವು ಅದಕ್ಕೆ ಟೆನ್ಷನ್ ಎಂದು ಹೆಸರಿಡುತ್ತೇವೆ. ಒಂದು ವಾರ ಮಧ್ಯಾಹ್ನ 2ರ ಮೇಲೆ ಕಾಫಿ, ಟೀ ಎರಡನ್ನೂ ಬಿಟ್ಟು ನೋಡಿ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುವುದುಂಟು, ಒಂದೊಂದೇ ಲೋಟ ಇಳಿಸಿ.

ಎರಡನೆಯದು ಕುಡಿತ. ಮದ್ಯ ಮೆದುಳಿನ ಬ್ರೇಕ್‌ನಂತಿರುವ ಗಾಬಾ ಎಂಬ ಕೆಮಿಕಲ್‌ಗೆ ಬಲ ಕೊಡುತ್ತದೆ, ಉತ್ತೇಜನ ಕೊಡುವ ಗ್ಲುಟಮೇಟ್ ಅನ್ನು ತಗ್ಗಿಸುತ್ತದೆ. ಅದಕ್ಕೇ ಮೊದಲೆರಡು ಪೆಗ್‌ಗೆ ಹಗುರ. ನಶೆ ಇಳಿಯುವಾಗ ಇದೆಲ್ಲ ತಿರುಗುಮುರುಗು. ನಡುರಾತ್ರಿ ಫಕ್ಕನೆ ಎಚ್ಚರ, ಬೆಳಗ್ಗೆ ಅರ್ಥವಿಲ್ಲದ ಭಯ. ಟೆನ್ಷನ್ ಕಳೆಯಲು ಕುಡಿದವನಿಗೆ ಮರುದಿನ ಟೆನ್ಷನ್ ಹೆಚ್ಚಾಗುವುದು ಹೀಗೆ. ದಿನಾ ಕುಡಿಯುವವರು ಮಾತ್ರ ಡಾಕ್ಟರನ್ನು ಕೇಳದೆ ಥಟ್ಟನೆ ಬಿಡಬೇಡಿ, ಫಿಟ್ಸ್ ಬರುವ ಅಪಾಯ ನಿಜವಾಗಿಯೂ ಇದೆ.

ಮೂರನೆಯದು ಬೆಳಕು. ಹೊರಗಿನ ಬಿಸಿಲು 10,000 ಲಕ್ಸ್ (ಬೆಳಕು ಅಳೆಯುವ ಮಾನ) ಸುಲಭವಾಗಿ ದಾಟುತ್ತದೆ, ಚೆನ್ನಾಗಿ ಲೈಟ್ ಹಾಕಿದ ಆಫೀಸಿನಲ್ಲಿ 500 ಲಕ್ಸ್ ಇದ್ದರೆ ದೊಡ್ಡದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ತಗ್ಗಿ ದೇಹದ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಅರ್ಧ ಗಂಟೆ ಹೊರಗೆ ನಡೆದರೆ ಬೆಳಕೂ ಆಯಿತು, ವ್ಯಾಯಾಮವೂ ಆಯಿತು. ಮಲೆನಾಡಿನ ಮಳೆಗಾಲದಲ್ಲಿದ್ದೀರಾ? ಮೋಡದ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಜಾಸ್ತಿ, ಜಗಲಿಯಲ್ಲಿ ಕೂತು ಕಾಫಿ ಕುಡಿಯಿರಿ. (ಬೆಳಗಿನ ಕಾಫಿ ಬೇಡ ಎಂದು ನಾನು ಹೇಳಲೇ ಇಲ್ಲ.)

ಡೋಪಮಿನ್ ವಿಷಯ, ಸ್ವಲ್ಪ ಉದ್ದ

ಇದರ ಬಗ್ಗೆಯೇ ಅತಿ ಹೆಚ್ಚು ಸುಳ್ಳು ಓಡಾಡುತ್ತಿರುವುದು. ಕತೆ ಶುರುವಾಗುವುದು ನಮ್ಮ ಸರ್ಪಗಂಧದಿಂದ. ಈ ಗಿಡದ ಬೇರನ್ನು ನಮ್ಮಲ್ಲಿ ಹುಚ್ಚಿಗೆ, ನಿದ್ದೆಗೆ ಹಿಂದಿನಿಂದಲೂ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಕೆಲಸ ಮಾಡುತ್ತದೆ ಎಂದು ಬರೆದರು. 1949ರಲ್ಲಿ ಬಾಂಬೆಯ ಹೃದಯತಜ್ಞ ರುಸ್ತಂ ಜಾಲ್ ವಕೀಲ್ ಅದರ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರ ಕಣ್ಣು ಬಿತ್ತು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವ ಬೇರ್ಪಡಿಸಿದರು. 1950ರ ದಶಕದ ಕೊನೆಗೆ ಸ್ವೀಡನ್ನಿನ ಆರ್ವಿದ್ ಕಾರ್ಲ್ಸನ್ ಈ ರೆಸರ್ಪಿನ್ ಅನ್ನು ಮೊಲಗಳಿಗೆ ಕೊಟ್ಟರೆ ಅವು ಮೆದುಳಿನ ಡೋಪಮಿನ್ ಖಾಲಿಯಾಗಿ ಅಲುಗಾಡದೆ ಬಿದ್ದುಕೊಂಡವು. ಡೋಪಮಿನ್ ತಯಾರಾಗುವ ಮೂಲವಸ್ತು ಎಲ್-ಡೋಪಾ ಚುಚ್ಚಿದ ಕೂಡಲೇ ಮೊಲಗಳು ಎದ್ದು ಓಡಾಡಿದವು. ಪಾರ್ಕಿನ್ಸನ್ ರೋಗಿಗಳಿಗೆ ಇಂದಿಗೂ ಕೊಡುವ ಮುಖ್ಯ ಔಷಧಿ ಅದೇ ಎಲ್-ಡೋಪಾ. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಈಗ ಹೇಳಿ, ಫೋನ್, ರೀಲ್ಸ್ ಎಲ್ಲ ಕೆಲವು ದಿನ ಬಿಟ್ಟು ಮಾಡುವ 'ಡೋಪಮಿನ್ ಡಿಟಾಕ್ಸ್' ಎಂದರೆ ಏನು ಅರ್ಥ? ಡೋಪಮಿನ್ ಹೊರಗೆ ಹಾಕಬೇಕಾದ ವಿಷವಲ್ಲ. ಅದು ಇಲ್ಲದಿದ್ದರೆ ಏಳೋಕೂ ಆಗುವುದಿಲ್ಲ.

ಖುಷಿಯ ವಿಷಯಕ್ಕೆ ಬಂದರೆ, ವುಲ್ಫ್‌ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಕೋತಿಗೆ ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮೊದಲು ಪ್ರತಿ ಸಲವೂ ಒಂದು ಸೂಚನೆ ಕೊಡುತ್ತಾ ಹೋದಾಗ ಅವು ಸೂಚನೆಗೇ ಚುರುಕಾಗತೊಡಗಿದವು, ರಸ ಬಂದಾಗ ಸುಮ್ನೆ ಇದ್ದವು. ಸೂಚನೆ ಬಂದು ರಸ ಬರದಿದ್ದರೆ ಮಾಮೂಲಿಗಿಂತಲೂ ಕೆಳಗೆ ಇಳಿದವು. ಅಂದರೆ ಈ ಕೆಮಿಕಲ್‌ನ ಆಸಕ್ತಿ ಸಿಕ್ಕಿದ್ದರಲ್ಲಿ ಕಡಿಮೆ, 'ಈಗ ಸಿಗುತ್ತೆ' ಎನ್ನುವುದರಲ್ಲಿ ಹೆಚ್ಚು. ಬೇಕು ಅನ್ನಿಸುವುದು ಬೇರೆ, ಸಿಕ್ಕಾಗ ಹಿತ ಅನ್ನಿಸುವುದು ಬೇರೆ. ರಾತ್ರಿ ಹನ್ನೆರಡಾದರೂ ಒಂದೂ ಇಷ್ಟವಾಗದ ರೀಲ್ಸ್ ಮೇಲೆ ರೀಲ್ಸ್ ಸರಿಸುತ್ತಾ ಇರುವುದು ಯಾಕೆ ಎಂದು ಇದರಿಂದ ಗೊತ್ತಾಗುತ್ತದೆ.

ಇದನ್ನು ಎರಡು ಕಡೆ ಬಳಸಿಕೊಳ್ಳಬಹುದು. ಬಿಡಬೇಕಾದ್ದರಲ್ಲಿ ಸೂಚನೆಯನ್ನೇ ಕತ್ತರಿಸಿ. ಮನೋಬಲದ ಮೇಲೆ ಭಾರ ಹಾಕಬೇಡಿ, ಅದು ರಾತ್ರಿ ಹತ್ತರ ಮೇಲೆ ಯಾರಿಗೂ ಇರುವುದಿಲ್ಲ. ನೋಟಿಫಿಕೇಶನ್ ಆಫ್ ಮಾಡಿ, ಆ್ಯಪನ್ನು ಮೊದಲ ಸ್ಕ್ರೀನಿನಿಂದ ತೆಗೆಯಿರಿ, ಫೋನ್ ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ. ಮಾಡಬೇಕಾದ್ದರಲ್ಲಿ ಇದನ್ನೇ ಉಲ್ಟಾ ಮಾಡಿ. ನಡೆಯಲು ಹೋಗುವ ಶೂ ಬಾಗಿಲಲ್ಲೇ ಇರಲಿ, ವೀಣೆಯೋ ತಬಲವೋ ಕವರಿನಿಂದ ಹೊರಗಿರಲಿ. ಮತ್ತೆ, ಮನಸ್ಸು ಬಂದ ಮೇಲೆ ಮಾಡ್ತೀನಿ ಎಂದು ಕಾಯಬೇಡಿ. ಬೇಸರ ಹಿಡಿದಾಗ ಮನಸ್ಸು ಮೊದಲು ಬರುವುದಿಲ್ಲ, ಕೆಲಸ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಬಂದರೆ ಬರುತ್ತದೆ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯೇ ಇದರ ಮೇಲೆ ನಿಂತಿದೆ: ದಿನಕ್ಕೆ ಒಂದೆರಡು ಚಿಕ್ಕ ಕೆಲಸ ಗೊತ್ತು ಮಾಡಿಕೊಂಡು, ಮೂಡ್ ಹೇಗೇ ಇರಲಿ, ಆ ಹೊತ್ತಿಗೆ ಅದನ್ನು ಮಾಡುವುದು.

ಆಕ್ಸಿಟೋಸಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತಿರದವರ ಜತೆ ಕೂತು ಮಾತಾಡಿದರೆ ಹಿತವಾಗುತ್ತದೆ, ಅದಕ್ಕೆ ಕೆಮಿಕಲ್ ಹೆಸರು ಬೇಕಿಲ್ಲ.

ವಾರಗಳ ಲೆಕ್ಕ

ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಮ್ಮಿ ಪ್ರತಿದಿನ, ದಿನದ ಬಹುಪಾಲು ಮಂಕು. ಇಷ್ಟದ ಕೆಲಸವೂ ಬೇಡ, ನಿದ್ದೆ ಇಲ್ಲ ಅಥವಾ ವಿಪರೀತ, ಊಟ ಸೇರುವುದಿಲ್ಲ, ನಾನು ಯಾರಿಗೂ ಬೇಡವಾದವನು ಎನ್ನುವ ಯೋಚನೆ. ಇಲ್ಲಿಗೆ ಕಾಫಿ, ಬಿಸಿಲು, ಉಸಿರಾಟದ ಸಲಹೆಗಳು ಸಾಲುವುದಿಲ್ಲ. ಡಾಕ್ಟರನ್ನು ನೋಡಬೇಕು. ಅವರು ಥೈರಾಯ್ಡ್, ಹಿಮೊಗ್ಲೋಬಿನ್, ಬಿ12 ನೋಡಿಸಿದರೆ ಅದು ಸುಮ್ನೆ ಖರ್ಚು ಅಂದುಕೊಳ್ಳಬೇಡಿ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಮದ್ದು ಬೇರೆ.

ಮಾತ್ರೆ ಬರೆದುಕೊಟ್ಟರೆ ಒಂದು ವಿಷಯ ಗೊತ್ತಿರಲಿ. ಫ್ಲುಆಕ್ಸೆಟಿನ್, ಎಸ್ಸಿಟಾಲೊಪ್ರಾಮ್ ತರಹದವು ಸೆರೊಟೋನಿನ್ ಮೇಲೆ ಕೆಲಸ ಶುರು ಮಾಡುವುದು ಗಂಟೆಗಳಲ್ಲಿ, ಆದರೆ ಮನಸ್ಸು ಹಗುರವಾಗಲು ಎರಡರಿಂದ ಆರು ವಾರ ಬೇಕು. ಸೆರೊಟೋನಿನ್ ಕಡಿಮೆಯಾದ್ದೇ ಕಾಯಿಲೆಯಾಗಿದ್ದರೆ ಅದೇ ದಿನ ಸರಿಹೋಗಬೇಕಿತ್ತಲ್ಲ? ಈ ಪ್ರಶ್ನೆ ಹಳೆಯದು. 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನಾ ಮೊನ್‌ಕ್ರೀಫ್ ಮತ್ತು ಜತೆಗಾರರು ಹಿಂದಿನ ಸಂಶೋಧನೆಗಳನ್ನೆಲ್ಲ ಒಟ್ಟು ಮಾಡಿ ನೋಡಿ, ಖಿನ್ನತೆಗೆ ಸೆರೊಟೋನಿನ್ ಕೊರತೆ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ಅದನ್ನೇ ಹಿಡಿದು 'ಮಾತ್ರೆಗಳೆಲ್ಲ ಮೋಸ' ಎನ್ನುವವರು ಬಂದರು. ನನಗೆ ಅದು ಒಪ್ಪಿಗೆಯಿಲ್ಲ. ವಿವರಣೆ ತಪ್ಪಾದ ಮಾತ್ರಕ್ಕೆ ಔಷಧಿ ಸುಳ್ಳಾಗುವುದಿಲ್ಲ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಹಾಗೆಂದು ಜ್ವರ ಪ್ಯಾರಾಸಿಟಮಾಲ್ ಕೊರತೆಯಿಂದ ಬಂದದ್ದಲ್ಲವಲ್ಲ. ತುಂಬಾ ಜನರಿಗೆ, ಅದರಲ್ಲೂ ಖಿನ್ನತೆ ತೀವ್ರವಾಗಿರುವವರಿಗೆ, ಈ ಮಾತ್ರೆಗಳು ಅನುಕೂಲ ಮಾಡುತ್ತವೆ. ಎಲ್ಲರಿಗೂ ಮಾಡುವುದಿಲ್ಲ.

ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಬರಬಹುದು. ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ. ವಯಸ್ಸು 25ಕ್ಕಿಂತ ಕಡಿಮೆಯಿದ್ದರೆ ಮೊದಲ ಕೆಲವು ವಾರ ಮನೆಯವರು ಒಂದು ಕಣ್ಣಿಟ್ಟಿರಬೇಕು. ಹುಷಾರಾದೆ ಅನ್ನಿಸಿದ ಮೇಲೂ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಶಾಕ್ ಹೊಡೆದಂತೆ ಆಗುವುದುಂಟು, ಹಂತಹಂತವಾಗಿ ಇಳಿಸಬೇಕು. ನೋವಿಗೆ ಟ್ರಮಡಾಲ್, ಕೆಮ್ಮಿಗೆ ಡೆಕ್ಸ್ಟ್ರೊಮೆಥಾರ್ಫನ್ ಇರುವ ಸಿರಪ್ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಮೊದಲು ಈ ಮಾತ್ರೆ ತಿನ್ನುತ್ತಿರುವುದನ್ನು ಹೇಳಿ, ಎರಡೂ ಸೇರಿದರೆ ಸೆರೊಟೋನಿನ್ ಅಪಾಯಕಾರಿಯಾಗಿ ಏರಬಹುದು. ಇನ್ನೊಂದು, ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡವಾಗಿ, ಮಾತು ಜಾಸ್ತಿಯಾಗಿ, ದುಡ್ಡು ನೀರಿನಂತೆ ಚೆಲ್ಲಿದ್ದಿದ್ದರೆ ಅದನ್ನು ಮುಚ್ಚಿಡಬೇಡಿ. ಅದು ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಒಮ್ಮೆ ಅತಿಯಾಗಿ ಇಳಿಯುವ ಕಾಯಿಲೆ) ಇರಬಹುದು, ಆಗ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉಲ್ಟಾ ಹೊಡೆಯಬಹುದು.

ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರದ ಲೆಕ್ಕ ಬೇಡ. ಈಗಲೇ ಜತೆಯಲ್ಲಿರುವವರಿಗೆ ಹೇಳಿ, ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಊಟ ಹೇಗೆ, ಕಾಫಿ ಮತ್ತು ಕುಡಿತ ಎಷ್ಟು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ಈಗ ತಿನ್ನುತ್ತಿರುವ ಮಾತ್ರೆಗಳ ಹೆಸರು ನೆನಪಿರುವುದಿಲ್ಲ, ಸ್ಟ್ರಿಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಯುರ್ವೇದದ ಲೇಹ್ಯ, ಪುಡಿ ಇದ್ದರೆ ಅದರ ಡಬ್ಬಿಯದ್ದೂ.