ಪರೆ ದಾಟಿದ ಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎ ಅಳೆದ ನನ್ನ ಅನುಭವ

ನನ್ನ ಸಂಶೋಧನೆಯ ಮೊದಲ ವರ್ಷಗಳು ಎರಡು ಬಗೆಯ ಸ್ತನ ಕ್ಯಾನ್ಸರ್ ಕೋಶಗಳ ಆರೈಕೆಯಲ್ಲೇ ಕಳೆದವು. ಎಂಸಿಎಫ್-7 ಎಂಬ ಕೋಶಗಳು ತಟ್ಟೆಯಲ್ಲಿ ಕಲ್ಲುಹಾಸಿನಂತೆ ಒಂದಕ್ಕೊಂದು ಒತ್ತಿಕೊಂಡು ಬೆಳೆಯುತ್ತವೆ. ಎಂಡಿಎ-ಎಂಬಿ-231 ಕೋಶಗಳು ಕದಿರಿನ ಆಕಾರದಲ್ಲಿ ಉದ್ದಕ್ಕೆ ಚಾಚಿಕೊಂಡು, ನೆರೆಯ ಕೋಶದ ಹಂಗಿಲ್ಲದೆ ಹರಿದಾಡುತ್ತವೆ. ಮೊದಲನೆಯವುಗಳಲ್ಲಿ ಮಿರ್-200 ಕುಟುಂಬದ ಮೈಕ್ರೋ ಆರ್‌ಎನ್‌ಎಗಳು ಧಾರಾಳವಾಗಿರುತ್ತವೆ. ಎರಡನೆಯವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸಕ್ಕೂ ಕ್ಯಾನ್ಸರ್ ಹರಡುವುದಕ್ಕೂ ಇರುವ ನಂಟನ್ನು ನನ್ನ ಕೈಯಿಂದಲೇ ಅಳೆದು ನೋಡಬೇಕೆಂಬ ಹಂಬಲ ನನಗಿತ್ತು.

ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ, ಅಂದರೆ ಅಷ್ಟು ರಾಸಾಯನಿಕ ಘಟಕಗಳ, ಒಂದು ಆರ್‌ಎನ್‌ಎ ತುಣುಕು. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನಿನ ಮಡಿಲಲ್ಲಿ ಕುಳಿತು, ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು ಹುಡುಕಿ ಹಿಡಿದು, ಅದರಿಂದ ಪ್ರೋಟೀನ್ ಹುಟ್ಟುವುದನ್ನು ತಗ್ಗಿಸುವುದು ಅದರ ಕೆಲಸ. ಹುಡುಕಾಟದಲ್ಲಿ ಮುಖ್ಯವಾಗುವುದು ಅದರ 2ರಿಂದ 8ನೆಯವರೆಗಿನ ಅಕ್ಷರಗಳು. ಇವನ್ನು ನಾವು ಬೀಜಭಾಗ ಎನ್ನುತ್ತೇವೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥ ಮೊದಲ ತುಣುಕನ್ನು ಕಂಡ ವಿಕ್ಟರ್ ಆಂಬ್ರೋಸ್ ಅವರಿಗೂ, ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟ ಗ್ಯಾರಿ ರುವ್ಕುನ್ ಅವರಿಗೂ 2024ರ ವೈದ್ಯಕೀಯ ನೊಬೆಲ್ ಬಂದಿತು. ಕ್ಯಾನ್ಸರ್ ಹರಡುವಿಕೆಯಲ್ಲಿ ಈ ತುಣುಕುಗಳ ಪಾತ್ರ ಸ್ಪಷ್ಟವಾಗತೊಡಗಿದ್ದು 2007ರ ಆಚೀಚೆ. ಆ ವರ್ಷ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯವು ಮಿರ್-10ಬಿ ಸ್ತನ ಕ್ಯಾನ್ಸರ್ ಕೋಶಗಳ ಆಕ್ರಮಣವನ್ನು ಹೆಚ್ಚಿಸುತ್ತದೆ ಎಂದು ತೋರಿಸಿತು. ಮರುವರ್ಷ ಜೋನ್ ಮಸಾಗೆ ಅವರ ತಂಡವು ಮಿರ್-335 ಮತ್ತು ಮಿರ್-126 ಹರಡುವಿಕೆಯನ್ನು ತಡೆಯುತ್ತವೆ ಎಂದು ವರದಿ ಮಾಡಿತು.

ಅದೇ 2008ರಲ್ಲಿ ಹಲವು ತಂಡಗಳು ಮಿರ್-200 ಕುಟುಂಬದ ಕಥೆಯನ್ನು ಬಿಚ್ಚಿಟ್ಟವು. ಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಪ್ರೋಟೀನು ಈ-ಕ್ಯಾಡ್‌ಹೆರಿನ್. ಅದರ ಜೀನನ್ನು ಅದುಮಿಡುವುದು ಜೆಬ್-1 ಎಂಬ ಇನ್ನೊಂದು ಪ್ರೋಟೀನು. ಆ ಜೆಬ್-1ನ್ನು ಅದುಮಿಡುವುದು ಮಿರ್-200. ಜೆಬ್-1 ಕೂಡ ಸುಮ್ಮನಿರದೆ ಮಿರ್-200ರ ಜೀನುಗಳನ್ನೇ ಅದುಮುತ್ತದೆ. ಹೀಗೆ ಇಬ್ಬರು ಪರಸ್ಪರರ ಕತ್ತು ಹಿಡಿದು ನಿಂತಿರುವಾಗ ಯಾರ ಕೈ ಮೇಲಾಗುತ್ತದೆಯೋ ಕೋಶದ ನಡತೆ ಆ ಕಡೆಗೆ ವಾಲುತ್ತದೆ. ಜೆಬ್-1 ಗೆದ್ದರೆ ಕೋಶವು ನೆರೆಯವರ ಕೈಬಿಟ್ಟು, ಚಾಚಿಕೊಂಡು, ಹೊರಟುಬಿಡುತ್ತದೆ.

ನನ್ನ ಮೊದಲ ಪ್ರಯೋಗ ಇದನ್ನು ಮರಳಿ ಮಾಡಿ ನೋಡುವುದೇ ಆಗಿತ್ತು. ಕೃತಕವಾಗಿ ತಯಾರಿಸಿದ ಮಿರ್-200ಸಿಯನ್ನು ಕೊಬ್ಬಿನ ಕಣಗಳಲ್ಲಿ ಸುತ್ತಿ ಎಂಡಿಎ-ಎಂಬಿ-231 ಕೋಶಗಳೊಳಕ್ಕೆ ಕಳುಹಿಸಿದೆ. ಹೋಲಿಕೆಗೆ ಯಾವ ಜೀನಿಗೂ ಹೊಂದದ ತುಣುಕನ್ನು ಪಕ್ಕದ ತಟ್ಟೆಗೆ ಹಾಕಿದೆ. ಮೂರನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕದಿರಿನಂತಿದ್ದ ಕೋಶಗಳು ಅಗಲಗೊಂಡು ಗುಂಪುಗೂಡಿದ್ದವು. ಜೆಬ್-1 ಇಳಿದಿತ್ತು, ಈ-ಕ್ಯಾಡ್‌ಹೆರಿನ್ ಕಾಣಿಸಿಕೊಂಡಿತ್ತು. 8 ಮೈಕ್ರಾನಿನ ರಂಧ್ರಗಳುಳ್ಳ ಪರೆಯನ್ನು ದಾಟಿ ಕೆಳಗಿನ ಪೋಷಕದ್ರವದ ಕಡೆಗೆ ಇಳಿಯುವ ಕೋಶಗಳ ಸಂಖ್ಯೆ ಎದ್ದು ಕಾಣುವಷ್ಟು ಕುಗ್ಗಿತು. ಕಣ್ಣಿಗೆ ಕಾಣದ ಒಂದು ತುಣುಕು ಕೋಶದ ಮೈಕಟ್ಟನ್ನೇ ಬದಲಿಸಿದ್ದನ್ನು ಕಂಡ ಆ ಬೆಳಗಿನ ಸಂತೋಷ ಇಂದಿಗೂ ನನ್ನಲ್ಲಿ ಉಳಿದಿದೆ.

ಆದರೆ ಹೊರಗಿನಿಂದ ತುಂಬಿದ ಮೈಕ್ರೋ ಆರ್‌ಎನ್‌ಎ ಕೋಶದ ಸಹಜ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಹೀಗೆ ಸುರಿದಾಗ ಆಗುವುದೇ ಗಡ್ಡೆಯಲ್ಲೂ ಆಗುತ್ತದೆ ಎನ್ನಲು ಬರುವುದಿಲ್ಲ. ಆದ್ದರಿಂದ ಮುಂದಿನ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: ಮಿರ್-200 ತುಂಬಿರುವ ಎಂಸಿಎಫ್-7 ಕೋಶಗಳಲ್ಲೂ ಕೆಲವೇ ಕೆಲವು ಪರೆಯನ್ನು ದಾಟುತ್ತವೆಯಲ್ಲ, ಆ ಕೆಲವು ತಮ್ಮ ಮಿರ್-200ನ್ನು ಕಳೆದುಕೊಂಡೇ ದಾಟಿದವೇ?

ಪರೆಯ ಮೇಲ್ಮೈಯನ್ನು ಹತ್ತಿಯಿಂದ ಒರೆಸಿ, ಕೆಳಮೈಗೆ ಅಂಟಿದ ಕೋಶಗಳನ್ನಷ್ಟೇ ಟ್ರೈಜಾಲ್ ದ್ರವದಲ್ಲಿ ಕರಗಿಸಿ ಆರ್‌ಎನ್‌ಎ ತೆಗೆದೆ. ಹೋಲಿಕೆಗೆ ಸಾಮಾನ್ಯ ತಟ್ಟೆಯಲ್ಲಿ ಬೆಳೆದ ಕೋಶಗಳನ್ನು ಬಳಸಿದೆ. ಪ್ರತಿ ಚಕ್ರದಲ್ಲೂ ಪ್ರತಿಗಳನ್ನು ಇಮ್ಮಡಿಸುತ್ತಾ ಅಳೆಯುವ ಪಿಸಿಆರ್ ವಿಧಾನದ ಫಲಿತಾಂಶ ಬಂದಾಗ, ಮಿರ್-200 ಕುಟುಂಬದ್ದೇ ಆದ ಮಿರ್-141 ದಾಟಿದ ಕೋಶಗಳಲ್ಲಿ ಸುಮಾರು ಮೂರು ಚಕ್ರ ತಡವಾಗಿ ಕಾಣಿಸಿತು. ಅಂದರೆ ಎಂಟು ಪಟ್ಟು ಕಡಿಮೆ. ಮಿರ್-200ಸಿ ಮಾತ್ರ ಇದ್ದಷ್ಟೇ ಇತ್ತು. ಇವೆರಡೂ 12ನೆಯ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇದ್ದು ಒಂದೇ ಉದ್ದನೆಯ ಆರ್‌ಎನ್‌ಎಯಿಂದ ಕತ್ತರಿಸಲ್ಪಡುವ ಒಡಹುಟ್ಟುಗಳು. ಬೀಜಭಾಗದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಒಟ್ಟಿಗೆ ಹುಟ್ಟಿದ ಎರಡರಲ್ಲಿ ಒಂದೇ ಕಾಣೆಯಾಗಿದೆಯೆಂದರೆ, ಚಲಿಸುವ ಕೋಶವು ಮಿರ್-141ನ್ನು ಹೆಕ್ಕಿ ನಾಶ ಮಾಡುತ್ತಿರಬೇಕು ಎಂದು ನಾನು ತೀರ್ಮಾನಿಸಿದೆ. ಮೂರು ಬಾರಿ ಮಾಡಿದಾಗಲೂ ಅದೇ ಉತ್ತರ ಬಂತು. ಪ್ರಬಂಧದ ಕರಡನ್ನು ಅರ್ಧದಷ್ಟು ಬರೆದೂ ಆಗಿತ್ತು.

ಪ್ರಯೋಗಾಲಯದ ವಾರದ ಸಭೆಯಲ್ಲಿ ಇದನ್ನು ಮಂಡಿಸಿದಾಗ, ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಒಂದೇ ಮಾತು: "ಎರಡೂ ಕೊಳವೆಗಳಲ್ಲಿ ಎಷ್ಟೆಷ್ಟು ಕೋಶಗಳಿದ್ದವು?" ತಟ್ಟೆಯಿಂದ ಬಂದದ್ದು ಹತ್ತು ಲಕ್ಷದಷ್ಟು, ಪರೆಯಿಂದ ಬಂದದ್ದು ಕೆಲವು ಸಾವಿರ. ಯು6 ಎಂಬ ಸ್ಥಿರ ಆರ್‌ಎನ್‌ಎಗೆ ಹೋಲಿಸಿ ಲೆಕ್ಕ ಹಾಕಿದ್ದರಿಂದ ಈ ಅಂತರ ಸರಿಹೋಗಿದೆ ಎಂದು ನಾನು ನಂಬಿದ್ದೆ. ಅವರು 2012ರ ಒಂದು ಪ್ರಬಂಧವನ್ನು ಓದಲು ಹೇಳಿದರು. ದಕ್ಷಿಣ ಕೊರಿಯಾದ ನ್ಯಾರಿ ಕಿಮ್ ಅವರ ತಂಡವು, ಕೋಶಗಳು ತಳದಿಂದ ಬಿಡಿಸಿಕೊಂಡಾಗ ಮಿರ್-141 ಮೊದಲಾದವು ಬೇಗ ನಶಿಸುತ್ತವೆ ಎಂದು 2011ರಲ್ಲಿ ಪ್ರಕಟಿಸಿತ್ತು. ಮರುವರ್ಷ ಅದೇ ತಂಡವು ಆ ಪ್ರಬಂಧವನ್ನು ತಾನೇ ಹಿಂಪಡೆದು, ನಷ್ಟವಾದದ್ದು ಕೋಶದಲ್ಲಿ ಅಲ್ಲ, ಆರ್‌ಎನ್‌ಎ ತೆಗೆಯುವ ಕೊಳವೆಯಲ್ಲಿ ಎಂದು ವಿವರವಾಗಿ ತೋರಿಸಿತು. ಕೋಶಗಳು ಕಡಿಮೆಯಿದ್ದಾಗ, ಜಿ ಮತ್ತು ಸಿ ಅಕ್ಷರಗಳು ಕಡಿಮೆಯಿದ್ದು ತನ್ನೊಳಗೇ ಮಡಚಿಕೊಳ್ಳುವ ಸ್ವಭಾವದ ಚಿಕ್ಕ ಆರ್‌ಎನ್‌ಎಗಳು ಟ್ರೈಜಾಲ್ ವಿಧಾನದಲ್ಲಿ ತಳಕ್ಕೆ ಕೂರದೆ ಹೋಗುತ್ತವೆ. ತಮ್ಮ ತಪ್ಪನ್ನು ಅಷ್ಟು ನೇರವಾಗಿ ಬರೆದಿಟ್ಟ ಆ ತಂಡದ ಮೇಲೆ ನನಗೆ ಅಪಾರ ಗೌರವವಿದೆ. ಅವರು ಬರೆಯದಿದ್ದರೆ ನಾನು ಅದೇ ತಪ್ಪನ್ನು ಹೊಸ ಶೋಧವೆಂದು ಅಚ್ಚು ಹಾಕಿಸುತ್ತಿದ್ದೆ.

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾತ್ರೆ ತುಂಬ ಅಕ್ಕಿಯಿದ್ದರೆ ನುಚ್ಚು ಅದರ ನಡುವೆ ಸಿಕ್ಕಿಕೊಂಡು ಉಳಿಯುತ್ತದೆ. ಒಂದು ಹಿಡಿ ಮಾತ್ರ ಇದ್ದರೆ ಕಲಗಚ್ಚಿನ ಜೊತೆಗೆ ಹರಿದುಹೋಗುತ್ತದೆ. ಕೊಳವೆಯಲ್ಲಿಯೂ ಉದ್ದನೆಯ ಆರ್‌ಎನ್‌ಎಗಳ ರಾಶಿಯೇ ಚಿಕ್ಕವನ್ನು ಜೊತೆಗೆಳೆದುಕೊಂಡು ತಳಕ್ಕೆ ಕೂರುತ್ತದೆ. ಯು6 ನೂರಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದವಿರುವುದರಿಂದ ಅದು ಮಿರ್-141ರಂತೆ ಕಳೆದುಹೋಗುವುದಿಲ್ಲ. ಆದ್ದರಿಂದ ಅದಕ್ಕೆ ಹೋಲಿಸಿದರೆ ಈ ನಷ್ಟ ಸರಿಹೋಗುವ ಬದಲು ನಿಜವಾದ ಇಳಿಕೆಯಂತೆ ಕಾಣುತ್ತದೆ.

ನನ್ನ ಫಲಿತಾಂಶಕ್ಕೂ ಇದೇ ಕಾರಣವೇ ಎಂದು ತಿಳಿಯಲು ಪರೆಯನ್ನು ಪೂರ್ತಿ ಬದಿಗಿಟ್ಟೆ. ಒಂದೇ ತಟ್ಟೆಯ ಎಂಸಿಎಫ್-7 ಕೋಶಗಳನ್ನು ಎಣಿಸಿ, ಹತ್ತು ಲಕ್ಷ, ಒಂದು ಲಕ್ಷ, ಹತ್ತು ಸಾವಿರ, ಒಂದು ಸಾವಿರ ಎಂದು ಬೇರೆ ಬೇರೆ ಕೊಳವೆಗಳಿಗೆ ಹಾಕಿ ಒಂದೇ ದಿನ ಆರ್‌ಎನ್‌ಎ ತೆಗೆದೆ. ಯಾವ ಕೋಶವೂ ಎಲ್ಲಿಗೂ ಚಲಿಸಿರಲಿಲ್ಲ; ಆದರೂ ಕೋಶಗಳು ಕಡಿಮೆಯಾದಂತೆ ಯು6ಕ್ಕೆ ಹೋಲಿಸಿದ ಮಿರ್-141 ಇಳಿಯುತ್ತಾ ಹೋಯಿತು, ಮಿರ್-200ಸಿ ಹೆಚ್ಚುಕಡಿಮೆ ಅಲುಗಲಿಲ್ಲ. ಎರಡನೆಯ ಸುತ್ತಿನಲ್ಲಿ ಕೋಶಗಳನ್ನು ಕರಗಿಸಿದ ಕೂಡಲೇ ಪ್ರತಿ ಕೊಳವೆಗೂ ಒಂದೇ ಪ್ರಮಾಣದ ಯೀಸ್ಟ್ ಆರ್‌ಎನ್‌ಎಯನ್ನು ಬೆರೆಸಿದೆ. ಯೀಸ್ಟಿನಲ್ಲಿ ಮೈಕ್ರೋ ಆರ್‌ಎನ್‌ಎ ಇಲ್ಲದಿರುವುದರಿಂದ ಅಳತೆಗೆ ತೊಡಕಾಗುವುದಿಲ್ಲ, ಚಿಕ್ಕವನ್ನು ಹಿಡಿದಿಡುವ ರಾಶಿ ಮಾತ್ರ ಸಿಗುತ್ತದೆ. ಈಗ ಸಾವಿರ ಕೋಶಗಳ ಕೊಳವೆಯಲ್ಲೂ ಮಿರ್-141 ತನ್ನ ಜಾಗಕ್ಕೆ ಮರಳಿತು. ಪರೆಯ ಪ್ರಯೋಗವನ್ನು ಇದೇ ರೀತಿಯಲ್ಲಿ ಮತ್ತೆ ಮಾಡಿದಾಗ, ದಾಟಿದ ಕೋಶಗಳಿಗೂ ದಾಟದವಕ್ಕೂ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಕರಡನ್ನು ತೆಗೆದುಹಾಕಿದೆ.

ಆ ನಿರಾಶೆ ಕಳೆದ ಮೇಲೆ ಈ ಶೂನ್ಯ ಫಲಿತಾಂಶವೇ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡಿತು. ಎಂಸಿಎಫ್-7 ಮತ್ತು ಎಂಡಿಎ-ಎಂಬಿ-231 ಎರಡನ್ನೂ ಮೂಲತಃ ಬೇರ್ಪಡಿಸಿದ್ದು ರೋಗಿಗಳ ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದ ನೀರಿನಿಂದ. ಅಂದರೆ ಎರಡೂ ಸ್ತನವನ್ನು ಬಿಟ್ಟು ಆಗಲೇ ದೂರ ಸಾಗಿದ್ದ ಕೋಶಗಳು. ಮಿರ್-200 ತುಂಬಿಕೊಂಡಿರುವ ಕೋಶವೂ ಹರಡಬಲ್ಲದು ಎಂಬ ಸಾಕ್ಷ್ಯವನ್ನು ನಾನು ಇಷ್ಟು ದಿನ ಕೈಯಲ್ಲೇ ಸಾಕುತ್ತಿದ್ದೆ. 2011ರಲ್ಲಿ ಪ್ರಿನ್ಸ್‌ಟನ್ನಿನ ಯಿಬಿನ್ ಕಾಂಗ್ ಅವರ ತಂಡವು, ದೂರದ ಅಂಗಕ್ಕೆ ತಲುಪಿದ ಕೋಶಗಳು ಅಲ್ಲಿ ನೆಲೆಯೂರಿ ಬೆಳೆಯಲು ಮಿರ್-200 ನೆರವಾಗುತ್ತದೆ ಎಂದು ಇಲಿಗಳಲ್ಲಿ ತೋರಿಸಿತ್ತು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೋಹಿತ್ ಕುಮಾರ್ ಜಾಲಿ ಅವರು ಸಹಲೇಖಕರಾಗಿದ್ದ 2013ರ ಪ್ರಬಂಧವು ಮಿರ್-200 ಮತ್ತು ಜೆಬ್‌ಗಳ ಜಗ್ಗಾಟವನ್ನು ಗಣಿತದಲ್ಲಿ ಕಟ್ಟಿ, ಎರಡು ತುದಿಗಳ ನಡುವೆ ಒಂದು ಮಿಶ್ರ ಸ್ಥಿತಿಯೂ ಸ್ಥಿರವಾಗಿ ನಿಲ್ಲಬಲ್ಲದು ಎಂದು ಮುಂದಿಟ್ಟಿತು; ಅಂಥ ಕೋಶಗಳು ನೆರೆಯವರ ಕೈ ಹಿಡಿದುಕೊಂಡೇ ಗುಂಪಾಗಿ ಚಲಿಸಬಲ್ಲವು. ಆದ್ದರಿಂದ ಮಿರ್-200ನ್ನು ಹರಡುವಿಕೆಯ ತಡೆಗಾರ ಎಂದಷ್ಟೇ ಕರೆಯುವುದು ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ಗಡ್ಡೆಯಿಂದ ಹೊರಡುವಾಗ ಅದು ಅಡ್ಡಿಯಾಗಬಹುದು, ಬೇರೆಡೆ ಬೇರೂರುವಾಗ ಆಸರೆಯಾಗಬಹುದು. ಔಷಧಿಯಾಗಿ ಅದನ್ನು ದೇಹಕ್ಕೆ ಕೊಡುವ ಮಾತು ಬಂದಾಗಲೆಲ್ಲ, ರೋಗವು ಯಾವ ಹಂತದಲ್ಲಿದೆ ಎಂದು ನಾನು ಮೊದಲು ಕೇಳುತ್ತೇನೆ.

ಈಗ ನಮ್ಮಲ್ಲಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಆ ನಾಲ್ಕು ಕೊಳವೆಗಳ ಪ್ರಯೋಗವನ್ನು ಮಾಡಿಸುತ್ತೇನೆ, ಒಮ್ಮೆ ಯೀಸ್ಟ್ ಆರ್‌ಎನ್‌ಎ ಇಲ್ಲದೆ, ಒಮ್ಮೆ ಬೆರೆಸಿ. ಮಿರ್-141 ಇಳಿಯುವುದನ್ನು ಅವರೇ ಕಣ್ಣಾರೆ ನೋಡುತ್ತಾರೆ. ಆಮೇಲೆ ಯಾವ ಕೊಳವೆಯನ್ನು ಶೀತಲಪೆಟ್ಟಿಗೆಯಲ್ಲಿ ಇಟ್ಟರೂ, ಅದರ ಮೇಲೆ ದಿನಾಂಕದ ಕೆಳಗೆ ಕೋಶಗಳ ಸಂಖ್ಯೆಯನ್ನು ಬರೆಯುತ್ತಾರೆ.